ಅವ್ವನ ಗಾಲಿಕುರ್ಚಿಗೊಂದು ಸೇತುವೆ

ಜೂನ್ 11, ಮಂಗಳವಾರ
ಅವ್ವನ ಡಯಾಲಿಸಿಸ್ ಮುಗಿಸಿ ಬಂದೆವು. ಗಟಾರ ಅಗಲ ಮಾಡಲು ಮನೆ ಮುಂದಿನ ಹಾಸುಗಲ್ಲು ಕಿತ್ತವರು ಮತ್ತೆ ಹಾಕಿಲ್ಲ. ಪ್ರತಿ ಸಲವೂ ಅವ್ವನನ್ನು ಕುರ್ಚಿ ಸಮೇತ ಗಟಾರಕ್ಕಿಳಿಸಿ ಏರಿಸಬೇಕು. ಇವತ್ತು ಕುರ್ಚಿ ವಾಲಿತು. ಅವ್ವ ಕೂಗಲಿಲ್ಲ, ನನ್ನ ಕೈಗೆ ಉಗುರು ಊರಿದಳು. ಕುರ್ಚಿಗೆ ಕೈಕೊಟ್ಟಿದ್ದ ಪಕ್ಕದ ಮನೆಯ ವಿರೂಪಾಕ್ಷಪ್ಪ ಸೊಂಟ ಹಿಡಿದು ಕೂತರು.
"ಮಳಿ ಹಿಡೀತಂದ್ರ ನಮ್ಮ ಕೈಲೆ ಆಗಂಗಿಲ್ಲವಾ ರೋಹಿಣಿ."
ಕಟ್ಟಿಗೆಯದಾದರೂ ಒಂದು ಸೇತುವೆ ಮಾಡಿಸಬೇಕು.

ಜೂನ್ 12
ಸಾಮಿಲ್‌ಗೆ ಹೋದೆ. ಗಟಾರ ಆರು ಫೂಟು, ಆರು ಫೂಟಿನ ತೊಲೆಯನ್ನೇ ಕೇಳಿದೆ. ಮಹಾ ಜಾಣೆ.
"ಎಂಟು ಫೂಟಿಂದು ಬೇಕ್ರಿ ಅಕ್ಕಾರ," ಅಂದ ಮಿಲ್ಲಿನ ಮುಸ್ತಾಕ. "ಎರಡೂ ದಂಡಿ ಮ್ಯಾಲೆ ಒಂದೊಂದು ಫೂಟು ಕುಂಡ್ರಬೇಕು. ಆರಿಂಚು-ಮೂರಿಂಚಿನ ತೊಲಿ ಮೂರು. ಮಲಗಿಸಿದ್ರ ಬಾಗತಾವು, ನಿಲ್ಲಿಸಿ ಇಡ್ರಿ."
ತೊಲೆ ಸಿಕ್ಕವು. ಮೇಲೆ ಹಾಸುವ ಹಲಗೆ — ಒಂದೂವರೆ ಇಂಚು ದಪ್ಪ, ಮೂರೂವರೆ ಫೂಟು ಉದ್ದ — ಎಲ್ಲ ಹಸಿ. ಒಣಗುತ್ತ ತಿರುಚಿಕೊಂಡು ಗಾಲಿ ಸಿಕ್ಕಿಬೀಳುತ್ತದಂತೆ. ತಿಂಗಳು ಕಾಯಬೇಕಂತೆ. ಅವ್ವನ ಕಿಡ್ನಿಗೆ ಯಾರು ಹೇಳುವುದು…

ಜೂನ್ 16, ಭಾನುವಾರ
ಹಿತ್ತಲ ಕೋಣೆಯಲ್ಲಿ ಸುತ್ತಿಗೆ ಸದ್ದು. ಅಪ್ಪ ಮಗ್ಗ ಬಿಚ್ಚುತ್ತಿದ್ದರು. ಅಜ್ಜನ ಕಾಲದ ಸಾಗವಾನಿ. ತುಳಿಯುವ ಹಲಗೆ ಬಿಟ್ಟು ಮಗ್ಗದ ಬೇರೆ ಯಾವ ಕಟ್ಟಿಗೆಗೂ ನಮ್ಮಲ್ಲಿ ಕಾಲು ತಾಗಿಸುವುದಿಲ್ಲ.
"ಇದರಷ್ಟು ಒಣಗಿದ ಕಟ್ಟಿಗಿ ಎಲ್ಲೆ ಸಿಗತೈತಿ? ಸೀಳಿಸ್ಕೊಂಡು ಬಾ. ನಿಮ್ಮವ್ವಗ ಹೇಳಬ್ಯಾಡ."
ನನಗೂ ಬೇರೆ ದಾರಿ ಕಾಣಲಿಲ್ಲ. ಮಿಲ್ಲಿಗೆ ಅಪ್ಪನೂ ಬಂದರು. ಮುಸ್ತಾಕ ರಂದಾ ಹೊಡೆದು ನಯ ಮಾಡಲು ಹೋದರೆ ತಡೆದರು. ಪ್ರತಿ ದಸರೆಯ ಖಂಡೇಪೂಜೆಗೆ ಅವ್ವ ಹಚ್ಚಿದ ಕುಂಕುಮದ ಕಲೆ ಹಲಗೆಯ ಮೇಲಿತ್ತು. "ಅಷ್ಟರ ಇರ್ಲಿ ಬಿಡಪಾ."

ಜೂನ್ 20
ಸೇತುವೆ ಆಯಿತು. ಖಾಲಿ ಕುರ್ಚಿ ತಳ್ಳಿ ನೋಡಿದೆ. ಕಿರ್ ಎನ್ನಲಿಲ್ಲ. ಸಂಜೆ ಜೋರು ಮಳೆ, ಗಟಾರ ತುಂಬಿ ಹರಿಯುತ್ತಿದೆ. ಸದ್ಯ, ಇನ್ನು ಹೆದರಿಕೆ ಇಲ್ಲ.

ಜೂನ್ 21, ಶುಕ್ರವಾರ
ಗಟಾರದ ನೀರು ಇನ್ನೂ ಇಳಿದಿಲ್ಲ. ಆಚೆ ದಂಡೆಯಲ್ಲಿ ಅಝೀಮನ ಆಟೋ. ಗಾಲಿ ಇನ್ನೇನು ಹಲಗೆ ಏರಬೇಕು, ಅವ್ವ ಬಗ್ಗಿ ನೋಡಿದಳು.
"ಇದು ನಮ್ಮ ಮಗ್ಗ."
"ಹೊತ್ತಾತವ್ವ, ನಡಿ."
"ನಾ ಇದನ್ನ ತುಳ್ಯಂಗಿಲ್ಲ."
"ನೀ ಎಲ್ಲೆ ತುಳೀತಿ? ಗಾಲಿ ಹೋಗ್ತಾವ."
"ಈಗ ಗಾಲೀನ ಅಲ್ಲೇನ ನನ್ನ ಕಾಲು?"
ಬ್ರೇಕು ಬಿಗಿಹಿಡಿದಳು. ಎತ್ತಿಕೊಂಡು ದಾಟಿಸುತ್ತೇನೆಂದ ಅಝೀಮ. "ನೀನೂ ತುಳೀಬ್ಯಾಡಪಾ," ಅಂದಳು. ಅಪ್ಪ ಗೋಡೆಗೆ ಆತು ನಿಂತಿದ್ದರು. ಆಟೋ ಹೋಯಿತು. ಬೆರಳು ಬಿಡಿಸಿ ಎಳೆದೊಯ್ಯಬಹುದಿತ್ತು. ಆಗಲಿಲ್ಲ ನನಗೆ. ಅವಳ ಮೇಲೆ ಸಿಟ್ಟು, ಅಪ್ಪನ ಮೇಲೆ ಸಿಟ್ಟು, ಎಲ್ಲಕ್ಕಿಂತ ನನ್ನ ಮೇಲೆ.

ಜೂನ್ 22, ಬೆಳಿಗ್ಗೆ
ಅವ್ವನ ಕಾಲು ಬಾತಿವೆ. ಮಲಗಿದರೆ ಉಸಿರು ಸಿಗುವುದಿಲ್ಲ. ರಾತ್ರಿಯೆಲ್ಲ ಕುರ್ಚಿಯಲ್ಲೇ. ಈಗಲೇ ಕರೆತನ್ನಿ ಎಂದರು ಆಸ್ಪತ್ರೆಯವರು. ಅಝೀಮನಿಗೆ ಫೋನ್ ಮಾಡಿದೆ. ಅವನು ಬರುವವರೆಗೆ ಕೈ ಸುಮ್ಮನಿರಲೊಲ್ಲದು, ಬರೆಯುತ್ತಿದ್ದೇನೆ. ಬ್ರೇಕಿನಿಂದ ಅವ್ವ ಕೈ ತೆಗೆದಿಲ್ಲ.

ಹೊರಗೆ ಠಕ್ ಠಕ್. ಅವ್ವ ಕಣ್ಣು ತೆರೆದಳು. ಮಂಪರಿನಲ್ಲಿ ಎಲ್ಲಿದ್ದಾಳೋ ಏನೋ, ಮುಖದಲ್ಲಿ ನಗು.
"ನಿಮ್ಮಪ್ಪ ಮಗ್ಗಕ್ಕ ಕುಂತಾರೇನವಾ?"
ಹೌದವ್ವ, ಅಂದೆ.
ಬ್ರೇಕಿನ ಮೇಲಿನ ಕೈ ಸಡಿಲಾಯಿತು. ತಾನಾಗಿಯೇ.
ಈಗಲೇ ದಾಟಿಸಬೇಕು. ಬಾಗಿಲು ತೆಗೆದೆ. ಅವ್ವ ತುಳಿಯಲಾರೆನೆಂದ ಹಲಗೆಗಳನ್ನೆಲ್ಲ ಅಪ್ಪ ಸುತ್ತಿಗೆಯಿಂದ ಕಿತ್ತು ಗೋಡೆಗೆ ಒರಗಿಸಿದ್ದಾರೆ. ಗಟಾರದ ಮೇಲೆ ಬರೀ ತೊಲೆ. ಆಚೆ ಆಟೋ ಬಂದು ನಿಂತಿದೆ.