ಮುದ್ರೆಯ ಕೆಳಗಿನ ಚುಕ್ಕೆ

ಸೆಪ್ಟೆಂಬರ್ 8, ಭಾನುವಾರ

ಈ ವಾರವೂ ಅವನೇ ಮೊದಲು. ಬೆಳಕು ಹರಿಯುವ ಮುಂಚೆಯೇ ಟಾರ್ಚ್ ಹಿಡಿದು ಸಂತೆ ಬಾಗಿಲಲ್ಲಿ ನಿಂತಿರುತ್ತಾನೆ ಚಾಕು ವ್ಯಾಪಾರಿ ಬಹ್ರೋಮ್. ಹಳ್ಳಿಯ ಮುದುಕರು ಚಿಂದಿಯಲ್ಲಿ ಸುತ್ತಿ ತಂದ ಹಳೆ ಚಾಕುಗಳನ್ನೆಲ್ಲ ಅಲ್ಲೇ ಎತ್ತಿಬಿಡುತ್ತಾನೆ. ನಾನು ಹೋಗುವಷ್ಟರಲ್ಲಿ ಅದೇ ಚಾಕು ಅವನ ನೀಲಿ ಮಖಮಲ್ ಬಟ್ಟೆಯ ಮೇಲೆ. ಒರೆಸಿದ್ದಾನೆ, ಎಣ್ಣೆ ಹಚ್ಚಿದ್ದಾನೆ. ಅಷ್ಟಕ್ಕೆ ಮೂರು ಪಟ್ಟು! ಕುಲುಮೆ ಮುಂದೆ ಒಂದು ದಿನ ಬೆವರು ಸುರಿಸಿದವನಲ್ಲ. ಕೈ ನೋಡಿದರೆ ಸಾಕು — ಮದುಮಗಳ ಕೈ.

"ಬನ್ನಿ ಓಪಾ, ನಿಮ್ ಗುಜರಿ ಎತ್ತಿಟ್ಟಿದೀನಿ" ಅಂದ. ಓಪಾ ಅಂತೆ. ಅಕ್ಕ ಅಂತ ಕರೆಯುವ ಬಾಯಲ್ಲೇ ಕೊರಳು ಕೊಯ್ಯುವ ಬೆಲೆ ಹೇಳುತ್ತಾನೆ.

ಗುಜರಿ ಅಂದರೆ ಚುಕ್ಕೆ ಚಾಕು. ಅಲಗಿನ ಮೇಲೆ ಹಳೆ ಚಾಕು ಗುರು ಉಸ್ತಾ ನಿಜೋಮ್‌ನ ಮೂರೆಸಳಿನ ಮುದ್ರೆ, ಅದರ ಕೆಳಗೆ ಸಾಸಿವೆ ಕಾಳಿನಷ್ಟು ಚುಕ್ಕೆ. ಚುಕ್ಕೆ ಇಲ್ಲದ್ದಕ್ಕೆ ತಾಷ್ಕೆಂಟಿನವರು ಕಿತ್ತಾಡುತ್ತಾರೆ. ಚುಕ್ಕೆ ಇದ್ದದ್ದು ಎರಡನೇ ದರ್ಜೆ ಅಂತ ನಮ್ಮ ಚುಸ್ತ್ ಊರೆಲ್ಲ ನಂಬಿದೆ. ನಂಬಲಿ. ನನ್ನ ಸಂಬಳಕ್ಕೆ ಅದೇ ಅನುಕೂಲ. ಇವತ್ತು ಒಂದು ತರಕಾರಿ ಚಾಕು ಸಿಕ್ಕಿತು, ಹಿಡಿ ಒಡೆದದ್ದು. ಅರ್ಧ ಕಿಲೋ ಮಾಂಸದ ದುಡ್ಡು. ಮನೆಗೆ ತಂದು ಹಾಸಿಗೆ ಅಟ್ಟಿಯ ಕೆಳಗೆ, ಉಳಿದವುಗಳ ಜೊತೆ ಇಟ್ಟೆ.

ಸೆಪ್ಟೆಂಬರ್ 9

ಶಾಲೆಯ ಅಡುಗೆಮನೆಯಲ್ಲಿ ಇಡೀ ದಿನ ಕ್ಯಾರೆಟ್ ಹೆಚ್ಚಿದೆ. ತೋಳು ಬಿದ್ದುಹೋಗಿದೆ. ಸರ್ಕಾರದ ಚಾಕು ಬೆಣ್ಣೆಯನ್ನೂ ಕೊಯ್ಯುವುದಿಲ್ಲ.

ಸಂಜೆ ಯುಲ್ದೋಶ್ ಟ್ಯಾಕ್ಸಿ ನಿಲ್ಲಿಸಿ ಒಳಗೆ ಬಂದ. ಹೊಸ ಚಾಕು ಕಣ್ಣಿಗೆ ಬಿತ್ತು. "ಬೇರೆಯವ್ರ ಹೆಂಡ್ತೀರು ಚಿನ್ನ ಕೂಡಿಡ್ತಾರೆ. ನನ್ ಹೆಂಡ್ತಿ ಚಾಕು ಕೂಡಿಡ್ತಾಳೆ. ನಂಗೆ ನಿದ್ದೆ ಹೆಂಗ್ ಬರ್ಬೇಕು ಹೇಳು?"

"ಬಾಯ್ಮುಚ್ಕೊಂಡು ಮಲಗಿದ್ರೆ ಬರುತ್ತೆ" ಅಂದೆ.

ನಕ್ಕ. ಅವನೊಬ್ಬನಿಗೆ ಗೊತ್ತು. ಅಪ್ಪ ಇಪ್ಪತ್ತು ವರ್ಷ ಉಸ್ತಾ ನಿಜೋಮ್‌ನ ಕುಲುಮೆಯಲ್ಲಿ ಸಮ್ಮಟಿಗೆ ಹೊಡೆದ. ಕೊನೆಕೊನೆಗೆ ಉಸ್ತಾನ ಕೈ ನಡುಗತೊಡಗಿತು. ಆಮೇಲೆ ಕಬ್ಬಿಣ ಕಾಯಿಸುವುದರಿಂದ ಹಿಡಿ ಕೂರಿಸುವವರೆಗೆ ಎಲ್ಲ ಅಪ್ಪನೇ. ಮುದ್ರೆ ಮಾತ್ರ ಉಸ್ತಾನದು; ಸ್ವಂತ ಮುದ್ರೆ ಇದ್ದವನನ್ನೇ ಉಸ್ತಾ, ಅಂದರೆ ಕಸುಬಿನ ಗುರು, ಅನ್ನುವುದು. ನಿನಗೂ ಒಂದು ಮುದ್ರೆ ಕೊಡುತ್ತೇನೆ ಅಂತ ಉಸ್ತಾ ಪ್ರತಿ ವಸಂತಕ್ಕೂ ಹೇಳುತ್ತಿದ್ದ. ಕೊಡದೆಯೇ ಸತ್ತ. ಅಪ್ಪ ತಾನೇ ಪೂರ್ತಿ ಮಾಡಿದ್ದಕ್ಕೆಲ್ಲ ಆ ಮುದ್ರೆಯ ಕೆಳಗೆ ಮುರಿದ ಉಳಿಯಿಂದ ಒಂದು ಚುಕ್ಕೆ ಹೊಡೆಯುತ್ತಿದ್ದ. "ನನ್ ಸಿಟ್ಟು ಇಷ್ಟೇ ದೊಡ್ಡದು ಮಗಳೇ" ಅನ್ನುತ್ತಿದ್ದ, ಉಗುರು ತೋರಿಸಿ. ಸುಳ್ಳು. ಸಿಟ್ಟು ಅಷ್ಟು ಚಿಕ್ಕದಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಎಲ್ಲಿಂದ ಬರುತ್ತಿತ್ತು?

ಸೆಪ್ಟೆಂಬರ್ 22, ಭಾನುವಾರ

ನನ್ನ ನಾಲಿಗೆ ಕತ್ತರಿಸಬೇಕು. ಮೊಂಡ ಚಾಕುವಿನಲ್ಲಿ.

ಬರೆದುಬಿಡುತ್ತೇನೆ. ಬಹ್ರೋಮ್‌ನ ಮಖಮಲ್ ಮೇಲೆ ಇವತ್ತು ಅದು ಇತ್ತು. ತುದಿ ಮೇಲಕ್ಕೆ ಬಾಗಿದ ಅಲಗು, ಏಪ್ರಿಕಾಟ್ ಮರದ ಹಿಡಿ, ಹಿಡಿಯ ನಡುವೆ ಕಪ್ಪು ಗಂಟು. ಆ ಗಂಟು ನನಗೆ ಗೊತ್ತು. ಏಳು ವರ್ಷದವಳಿದ್ದಾಗ ನಮ್ಮ ಅಂಗಳದ ಮರದಿಂದ ಬಿದ್ದೆ, ಮೊಣಕೈ ಮುರಿಯಿತು. ಅಪ್ಪ ಮರುದಿನ ಬೆಳಿಗ್ಗೆ ಆ ಕೊಂಬೆಗೆ ಬಾಯಿಗೆ ಬಂದಂತೆ ಬೈದು ಕಡಿದು ಹಾಕಿದ. ಮರವನ್ನು ಬೈಯುವ ಮನುಷ್ಯನನ್ನು ಆಮೇಲೆ ಎಲ್ಲೂ ನೋಡಿಲ್ಲ. ಚಳಿಗಾಲದಲ್ಲಿ ಅದರಿಂದಲೇ ಹಿಡಿ ಮಾಡಿದ. ನನಗೆ ಅಂತ ಮಾಡಿದ್ದು. ಉಸ್ತಾ ಯಾರೋ ಅತಿಥಿ ಬಂದರು ಅಂತ ಅವರಿಗೆ ಮಾರಿಬಿಟ್ಟ. ಅಪ್ಪ ಮರುದಿನವೂ ಕುಲುಮೆಗೆ ಹೋದ. ಇಷ್ಟು ವರ್ಷ ನಾನು ಹುಡುಕುತ್ತಿದ್ದದ್ದು ಇದನ್ನೇ. ಉಳಿದವೆಲ್ಲ ಹುಡುಕುವ ದಾರಿಯಲ್ಲಿ ಸಿಕ್ಕವು.

ಎಷ್ಟು ಅಂತ ಕೇಳಿದೆ, ಮುಖದಲ್ಲಿ ಏನೂ ತೋರಿಸದೆ.

"ಚುಕ್ಕೇದಲ್ವಾ ಓಪಾ, ನಿಮಗೆ ಒಂದೂವರೆ ಲಕ್ಷ ಸೋಮ್."

ಒಂದೂವರೆ ಕಿಲೋ ಮಾಂಸದ ಬೆಲೆ. ಪರ್ಸಿನಲ್ಲಿ ಅದರ ಅರ್ಧ ಇತ್ತು. ಬುಧವಾರ ಸಂಬಳ, ಎತ್ತಿಡು ಅಂದೆ. ಆಗಲಿ ಅಂದ. ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ನಮಂಗಾನಿನಿಂದ ಬಂದ ಇಬ್ಬರು ಚುಕ್ಕೆ ಯಾಕೆ ಅಂತ ಕೇಳಿದರು.

"ಅದಾ? ಉಸ್ತಾ ನಿಜೋಮ್ ಹತ್ರ ಸಮ್ಮಟಿಗೆ ಹೊಡಿಯೋಕೆ ಒಬ್ಬ ಕುಡುಕ ಇದ್ದ. ಕತ್ತೆ ಥರ ಹೊಡ್ದು ಕಬ್ಬಿಣ ಕೆಡಿಸ್ತಿದ್ದ. ಕೆಟ್ಟಿದ್ದಕ್ಕೆಲ್ಲ ಉಸ್ತಾ ಚುಕ್ಕೆ ಇಟ್ಟು ಪಕ್ಕಕ್ಕೆ ಎಸೀತಿದ್ರು."

ನಕ್ಕರು. ಸುತ್ತ ಇದ್ದವರೂ ನಕ್ಕರು. ಅಪ್ಪ ಜೀವನದಲ್ಲಿ ಒಂದು ಬಟ್ಟಲು ಕುಡಿದವನಲ್ಲ.

ಆಮೇಲೆ ನಾನು ಏನು ಕಿರುಚಿದೆನೋ! ಯಾರು ಮಾಡಿದ್ದು, ಯಾರ ಕೈ ನಡುಗುತ್ತಿತ್ತು, ಚುಕ್ಕೆ ಯಾರದು — ಎಲ್ಲ. ಸಂತೆಯ ಆ ತುದಿಯ ಕಲ್ಲಂಗಡಿಯವರೂ ತಿರುಗಿ ನೋಡಿದರು. ಬಹ್ರೋಮ್ ಬಾಯಿ ತೆರೆದು ಕೇಳಿದ. ಆಮೇಲೆ ಬಹಳ ಮೆತ್ತಗೆ, "ಹೌದಾ ಓಪಾ? ನಿಮ್ಮಪ್ಪನ ಹೆಸ್ರು ಏನಂದ್ರಿ?"

ಹೇಳಿದೆ! ಅಕ್ಷರ ಬಿಡಿಸಿ ಹೇಳಿದೆ!

ಸೆಪ್ಟೆಂಬರ್ 23

ಅವನ ಟೆಲಿಗ್ರಾಂ ಚಾನೆಲ್: "ಅಪರೂಪದ ಚುಕ್ಕೆ ಚಾಕು. ಚುಸ್ತ್‌ನ ಮುಚ್ಚಿಟ್ಟ ಕಥೆ." ಕೆಳಗೆ ನನ್ನ ಏಪ್ರಿಕಾಟ್ ಹಿಡಿ. ಒಂದೂವರೆ ಲಕ್ಷ ಇದ್ದದ್ದು ಇಪ್ಪತ್ತು ಲಕ್ಷ ಸೋಮ್.

ಫೋನ್ ಮಾಡಿದೆ. ಎತ್ತಿಡುತ್ತೇನೆ ಅಂದಿದ್ದೆಯಲ್ಲ ಅಂತ ಕೇಳಿದೆ.

"ಎತ್ತಿಟ್ಟಿದೀನಲ್ಲ ಓಪಾ. ಬೆಲೆ ಏರ್ಸಲ್ಲ ಅಂತ ಎಲ್ಲಿ ಹೇಳಿದ್ದೆ? ಬೆಲೆ ಏರ್ಸಿದ್ದು ನೀವೇ."

ಸೆಪ್ಟೆಂಬರ್ 25

ಸಂಬಳ ಬಂತು. ಬಂದು ಏನು ಮಾಡಬೇಕು.

ಅಕ್ಟೋಬರ್ 12

ಬರೆಯಲು ಮನಸ್ಸೇ ಇರಲಿಲ್ಲ. ಇವತ್ತು ಬರೆಯುವಂಥದ್ದು ನಡೆಯಿತು.

ಈಗ ಚುಸ್ತ್ ತುಂಬ ಚುಕ್ಕೆ. ಮೊಳೆ ಸುತ್ತಿಗೆ ಇದ್ದವರೆಲ್ಲ ಹೊಡೆಯುತ್ತಿದ್ದಾರೆ. ಹೋದ ವರ್ಷದ ಚಾಕುವಿಗೂ ಚುಕ್ಕೆ. ಬಹ್ರೋಮ್ ಅಂಥವನ್ನೇ ಕಂತೆ ಕಂತೆ ಕೊಂಡು ಮಾರಿದ್ದಾನೆ. ತಾಷ್ಕೆಂಟಿನ ಗಿರಾಕಿ ವಾಪಸ್ ಮುಖದ ಮೇಲೆ ಎಸೆದನಂತೆ. ಮನಸಾರೆ ನಕ್ಕೆ.

ಸಂಜೆ ಅವನೇ ಬಾಗಿಲಿಗೆ ಬಂದ. ಕಂಕುಳಲ್ಲಿ ಕರಬೂಜ, ಕೈಯಲ್ಲಿ ಬಿಸಿ ರೊಟ್ಟಿ. ಚಹಾ ಕೊಟ್ಟೆ, ಬಟ್ಟಲು ತುಂಬ ತುಂಬಿಸಿ ಕೊಟ್ಟೆ. ಬೇಗ ಕುಡಿದು ಎದ್ದುಹೋಗು ಅಂತ ಅರ್ಥ. ಅರ್ಥವಾಗದವನ ಹಾಗೆ ಕೂತ.

"ಅಸಲಿ ಯಾವ್ದು ನಕಲಿ ಯಾವ್ದು ಗೊತ್ತಾಗೋದು ನಿಮಗೊಬ್ರಿಗೇ ಓಪಾ. ಒಂದ್ಸಲ ಅಂಗಡಿಗೆ ಬಂದು ನೋಡ್ಕೊಡಿ. ಏನು ಕೊಡ್ಲಿ ಹೇಳಿ."

ಯೋಚಿಸುತ್ತೇನೆ ಅಂದೆ. ಅವನು ಹೋದ ಮೇಲೆ ಯುಲ್ದೋಶ್ ಕರಬೂಜ ಕೊಯ್ಯುತ್ತ, "ಇದ್ರಲ್ಲಿ ಯೋಚ್ನೆ ಏನಿದೆ? ಹೋಗು. ಏಪ್ರಿಕಾಟ್ ಹಿಡೀದು ನಕಲಿ ಅನ್ನು. ಅವ್ನೇ ಎಸೀತಾನೆ. ಎತ್ಕೊಂಡ್ ಬಾ" ಅಂದ.

ಅಷ್ಟು ಸುಲಭ. ನನಗೇ ಯಾಕೆ ಹೊಳೆಯಲಿಲ್ಲ?

ಅಕ್ಟೋಬರ್ 14

ಸಿಕ್ಕಿತು!! ನನ್ನ ಕೈಯಲ್ಲಿದೆ. ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ದೊಡ್ಡ ತಟ್ಟೆಯ ತುಂಬ ರಾಶಿ ಹಾಕಿದ್ದ. ಒಂದೊಂದಾಗಿ ನೋಡಿದೆ. ನೋಡುವುದು ಏನು ಅಂತ ಅವನಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಅಪ್ಪ ಚುಕ್ಕೆ ಹೊಡೆಯುತ್ತಿದ್ದದ್ದು ಕಾಯಿಸಿ ಅದ್ದಿ ಹದ ಹಾಕುವ ಮೊದಲು, ಕಬ್ಬಿಣ ಮೆತ್ತಗಿದ್ದಾಗ. ಅಂಚು ನುಣುಪು, ಒಳಗೆ ಕಪ್ಪು. ಈ ಕಳ್ಳರು ಹೊಡೆಯುವುದು ಹದವಾದ ಅಲಗಿಗೆ. ಅಂಚು ಸಿಡಿದಿರುತ್ತೆ, ಒಳಗೆ ಹೊಳಪು. ಬೆರಳು ಸವರಿದರೆ ಸಾಕು.

ನಕಲಿ, ನಕಲಿ, ಅಸಲಿ, ನಕಲಿ. ಅವನ ಮುಖ ಬಾಡುತ್ತಾ ಹೋಯಿತು. ಏಪ್ರಿಕಾಟ್ ಹಿಡಿ ಕೊನೆಗೆ ಬಂತು. ಹೆಬ್ಬೆರಳಿಗೆ ಆ ಗಂಟು ತಾಗಿತು. ಚುಕ್ಕೆ ರೇಷ್ಮೆಯಷ್ಟು ನುಣುಪು.

"ನಕಲಿ" ಅಂದೆ.

"ಇದೂನಾ?! ನೀವು ಚುಕ್ಕೆ ಕಥೆ ಹೇಳೋಕ್ ಮುಂಚೆನೇ ಬಂದಿದ್ದಲ್ವಾ ಇದು? ಸರಿಯಾಗಿ ನೋಡಿ ಓಪಾ."

"ಆಗ್ಲೂ ಕಲಿಯೋ ಹುಡುಗ್ರು ಅಪ್ಪನ್ನ ನೋಡಿ ಚುಕ್ಕೆ ಹೊಡೀತಿದ್ರು. ನಮ್ಮಪ್ಪನ ಕೈ ನಂಗೆ ಗೊತ್ತಿಲ್ವಾ? ಇದು ಅವ್ರದ್ದಲ್ಲ."

ಹಲ್ಲು ಕಡಿದ. ಫೋಟೋ ಹೊಡೆದುಕೊಂಡ, ಯಾಕೋ ಗೊತ್ತಿಲ್ಲ. ಆಮೇಲೆ ಗುಜರಿ ರಾಶಿಗೆ ಎಸೆದ. ಕೂಲಿ ಬದಲು ಅದನ್ನೇ ಕೊಡು, ಕ್ಯಾರೆಟ್ ಹೆಚ್ಚಲು ಆಗುತ್ತೆ ಅಂದೆ. ತಗೊಳ್ಳಿ ಅಂದ. ಚಾಕು ಪುಕ್ಕಟೆ ಕೊಟ್ಟರೆ ಸಂಬಂಧ ಕಡಿದು ಹೋಗುತ್ತೆ, ನಾಣ್ಯ ಕೊಡಲೇಬೇಕು. ನೂರು ಸೋಮ್ ನಾಣ್ಯ ಒಂದು ಇಟ್ಟೆ. ನನಗೂ ಅವನಿಗೂ ಯಾವ ಸಂಬಂಧ ಉಳಿಯಬೇಕಿತ್ತೋ ಕಾಣೆ.

ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಅಕ್ಟೋಬರ್ 15

ನಾಯಿ. ನಾಯಿ. ನಾಯಿ.

ಚಾನೆಲ್‌ನಲ್ಲಿ ಹಾಕಿದ್ದಾನೆ. ಏಪ್ರಿಕಾಟ್ ಹಿಡಿಯ ಫೋಟೋ, ಮೇಲೆ ಕೆಂಪು ಗೀಟು. "ನಕಲಿ. ಎಚ್ಚರ! ಸೊತ್ವೊಲ್ದಿಯ ಸ್ವಂತ ಮಗಳು ಖೋಸಿಯಾತ್ ಓಪಾ ಅವರೇ ನೋಡಿ ಹೇಳಿದ್ದು — ಇದು ನಮ್ಮಪ್ಪನ ಕೈ ಅಲ್ಲ." ಕೆಳಗೆ ಸಾಲು ಸಾಲು ಜನ. ಬಾಗು ನೋಡಿದ್ರೇ ಗೊತ್ತಾಗುತ್ತೆ ಕಲಿಯೋ ಹುಡುಗನ ಕೆಲ್ಸ. ಹಿಡಿ ಸೌದೆ ಥರ ಇದೆ. ಇದ್ರಲ್ಲಿ ಈರುಳ್ಳಿ ಹೆಚ್ಚಿದ್ರೆ ಈರುಳ್ಳಿ ಅಳುತ್ತೆ. ನಗುವ ಮುಖಗಳು. ಸಾವಿರಾರು ಜನ ನೋಡಿದ್ದಾರೆ.

ಅಪ್ಪನ ಕೈಯಿಂದ ಬಂದದ್ದರಲ್ಲೆಲ್ಲ ಒಳ್ಳೆಯದು ಅದು. ಬಹ್ರೋಮ್ ಅಪ್ಪನನ್ನು ಕುಡುಕ ಅಂದಾಗ ಸಂತೆ ಕಿತ್ತುಹೋಗುವ ಹಾಗೆ ಕಿರುಚಿದೆ. ಈಗ ಯಾರ ಮೇಲೆ ಕಿರುಚಲಿ? ಅವನು ನಾನು ಹೇಳಿದ್ದನ್ನೇ ಬರೆದಿದ್ದಾನೆ.

ಅಕ್ಟೋಬರ್ 17

ಹಾಸಿಗೆ ಅಟ್ಟಿಯ ಕೆಳಗೆ ಉಳಿದವುಗಳ ಜೊತೆ ಇಡಲು ಆಗುತ್ತಿಲ್ಲ. ಅಡುಗೆಮನೆ ಕಿಟಕಿಯ ಮೇಲಿದೆ. ಮುಟ್ಟಿಲ್ಲ.

ಯುಲ್ದೋಶ್‌ಗೆ ಬೈದೆ, ಉಪಾಯ ಹೇಳಿದ್ದಕ್ಕೆ. ಅವನು ಸುಮ್ಮನೆ ಬೈಸಿಕೊಂಡ. ಅದಕ್ಕೂ ಬೈದೆ.

ಅಪ್ಪನಿಗಿಂತ ಮೊದಲು ಹುಟ್ಟಿದ ಮಕ್ಕಳೆಲ್ಲ ಸತ್ತಿದ್ದವಂತೆ. ಅದಕ್ಕೆ ಅಜ್ಜಿ ಅಪ್ಪನನ್ನು ಹುಟ್ಟಿದ ದಿನವೇ ನೆರೆಮನೆಯವಳಿಗೆ ಮಾರಿ, ಒಂದು ಬಟ್ಟಲು ತೌಡು ಕೊಟ್ಟು ವಾಪಸ್ ಕೊಂಡಿದ್ದಳು. ಬದುಕಲಿ ಅಂತ ಮಾರಿದ್ದು. ಮಾರಿ ಕೊಂಡವನು ಅಂತಲೇ ಸೊತ್ವೊಲ್ದಿ ಅನ್ನುವ ಹೆಸರು. ಅಜ್ಜಿ ಸಂಜೆಯೊಳಗೆ ವಾಪಸ್ ತಂದಿದ್ದಳು. ನಾನು?

ಅಕ್ಟೋಬರ್ 20, ಭಾನುವಾರ, ಮಧ್ಯಾಹ್ನ

ಹೋಗಿ ಬಂದೆ. ಚೀಲ ಇನ್ನೂ ಬಿಚ್ಚಿಲ್ಲ.

ಸಂತೆ ತುಂಬಿ ತುಳುಕುವ ಹೊತ್ತಿಗೇ ಹೋದೆ, ಬೇಕೆಂದೇ. ಏಪ್ರಿಕಾಟ್ ಹಿಡಿಯದೂ ಹಾಸಿಗೆ ಕೆಳಗಿನದೊಂದೂ ಬಹ್ರೋಮ್‌ನ ಮಖಮಲ್ ಮೇಲೆ ಅಕ್ಕಪಕ್ಕ ಇಟ್ಟೆ.

"ಇದು ಅಸಲಿ. ನಾನು ಸುಳ್ಳು ಹೇಳಿದ್ದೆ" ಅಂದೆ. ಮೆತ್ತಗೆ ಅಲ್ಲ.

ಅವನು ಆಚೀಚೆ ನೋಡಿ ನಕ್ಕ. "ಓಪಾ, ಮಂಗಳವಾರದ ಹೊತ್ಗೆ ಮತ್ತೆ ನಕಲಿ ಆಗುತ್ತಾ?"

ಜನ ಸೇರಿದರು. ನಂಬಿಸುವುದಕ್ಕೆ ಇದ್ದದ್ದು ಒಂದೇ ದಾರಿ. ಹೇಳಿಬಿಟ್ಟೆ. ನುಣುಪು ಅಂಚು, ಒಳಗಿನ ಕಪ್ಪು, ಹದಕ್ಕೆ ಮುಂಚೆ, ಹದದ ಆಮೇಲೆ — ಎಲ್ಲ. ಬಹ್ರೋಮ್ ಬೆರಳು ಸವರಿದ. ಅವನ ಪಕ್ಕದವನೂ ಸವರಿದ. ಇನ್ನು ಮೇಲೆ ಚುಸ್ತ್‌ನಲ್ಲಿ ಯಾರಿಗೂ ನಾನು ಬೇಕಿಲ್ಲ. ಅಗ್ಗಕ್ಕೆ ಒಂದೂ ನನಗೆ ಸಿಗುವುದಿಲ್ಲ.

"ಯಾಕೆ ಸುಳ್ಳು ಹೇಳಿದ್ರಿ?" ಅಂತ ಒಬ್ಬ ಮುದುಕ ಕೇಳಿದ.

"ಅಗ್ಗಕ್ಕೆ ಸಿಗ್ಲಿ ಅಂತ" ಅಂದೆ. ಮುಖ ಉರಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಬಹ್ರೋಮ್ ಗಲ್ಲ ಕೆರೆದುಕೊಂಡ. ಜೇಬಿನಿಂದ ನೂರು ಸೋಮ್ ನಾಣ್ಯ ತೆಗೆದು ಮಖಮಲ್ ಮೇಲಿಟ್ಟ. "ಹಾಗಿದ್ರೆ ಆ ವ್ಯಾಪಾರ ಆಗ್ಲಿಲ್ಲ ಓಪಾ. ಒಂದೋ ಇಪ್ಪತ್ತು ಲಕ್ಷ ಇಡಿ, ಇಲ್ಲ ಚಾಕು ಬಿಡಿ."

ಕಣ್ಣು ಕೀಳಬೇಕು ಅನ್ನಿಸಿತು. ಮೋಸ ಮಾಡಿದ್ದು ನಾನು, ಅವನಲ್ಲ, ಅದಕ್ಕೇ ಇನ್ನೂ ಹೆಚ್ಚು.

"ಚಾನೆಲ್‌ನಲ್ಲಿ ತಪ್ಪಾಯ್ತು ಅಂತ ಬರೀಬೇಕು" ಅಂದೆ.

"ನಂದೇನು ತಪ್ಪು?"

"ನಂದು ಅಂತ ಬರಿ. ಖೋಸಿಯಾತ್ ಸುಳ್ಳು ಹೇಳಿದ್ಳು ಅಂತ್ಲೇ ಬರಿ. ಅಪ್ಪನ ಚಾಕು ಅಪ್ಪಂದು ಅಂತ ಬರಿ."

ನಾಣ್ಯ ಎತ್ತಿಕೊಂಡೆ. ಏಪ್ರಿಕಾಟ್ ಹಿಡಿಯದರ ಅಲಗನ್ನು ಬೆರಳಚ್ಚು ಇರಬಾರದು ಅಂತ ತಲೆವಸ್ತ್ರದಿಂದ ಒರೆಸಿ ಅಲ್ಲೇ ಬಿಟ್ಟೆ. ಹಾಸಿಗೆ ಕೆಳಗಿನದನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ. ತಿರುಗಿ ನೋಡಲಿಲ್ಲ.

ಅಕ್ಟೋಬರ್ 23

ಇನ್ನೂ ಬರೆದಿಲ್ಲ. ಗಂಟೆಗೊಮ್ಮೆ ಫೋನ್ ನೋಡುತ್ತಿದ್ದೇನೆ. ಶಾಲೆಯಲ್ಲಿ ಅನ್ನ ಸೀದುಹೋಯಿತು. ಮಕ್ಕಳು ತಿಂದರು, ಪಾಪ.

ಅಕ್ಟೋಬರ್ 26

ಯುಲ್ದೋಶ್ ನಮಂಗಾನಿನಿಂದ ಬೇಗ ಬಂದ. ಚಪ್ಪಲಿಯನ್ನೂ ಬಿಚ್ಚದೆ ಫೋನ್ ಹಿಡಿದು ಒಳಗೆ ನುಗ್ಗಿದ.

ಬರೆದಿದ್ದಾನೆ. ಅದೇ ಫೋಟೋ, ಕೆಂಪು ಗೀಟು ಇಲ್ಲ. ನಾನು ಸುಳ್ಳು ಹೇಳಿದ್ದೂ ಇದೆ, ಉಪ್ಪು ಖಾರ ಹಚ್ಚಿ. ಮರದಿಂದ ಬಿದ್ದ ಕಥೆ ಯಾರು ಹೇಳಿದರೋ, ಯುಲ್ದೋಶ್ ಆಚೆ ನೋಡಿದ. ಬೆಲೆ ನೋಡಬಾರದು ಅಂದುಕೊಂಡೆ. ನೋಡಿದೆ. ಎಪ್ಪತ್ತು ಲಕ್ಷ. ಪಕ್ಕದಲ್ಲಿ, ಮಾರಾಟವಾಗಿದೆ ಅಂತ. ನನ್ನ ಅಪ್ಪನ ಸಿಟ್ಟಿನಲ್ಲಿ ಈ ದರಿದ್ರದವನು ಹೊಸ ಕಾರು ಕೊಳ್ಳುತ್ತಾನೆ.

"ಪೂರ್ತಿ ಓದ್ಲಾ?" ಅಂದ ಯುಲ್ದೋಶ್.

"ಮೊದಲ್ನೇ ಸಾಲು ಓದು ಸಾಕು."

"ಉಸ್ತಾ ಸೊತ್ವೊಲ್ದಿಯವರ ಚಾಕು."

ಅಪ್ಪನನ್ನು ಯಾರೂ ಕರೆದಿರಲಿಲ್ಲ ಹಾಗೆ. ಬದುಕಿದ್ದಾಗ ಒಬ್ಬರೂ. ಉಸ್ತಾ ನಿಜೋಮ್ ಅಂತೂ, ಸಾಯುವಾಗಲೂ, ಏ ಸಮ್ಮಟಿಗೆ, ನೀರು ಕೊಡು ಅಂದಿದ್ದ.

ಇನ್ನೊಂದು ಸಲ ಓದು ಅಂದೆ. ಓದಿದ. ಜೋರಾಗಿ ಓದು, ಅಂಗಳಕ್ಕೆ ಕೇಳಬೇಕು ಅಂದೆ. ಬಾಗಿಲಲ್ಲಿ ನಿಂತು ಓದಿದ. ಇನ್ನೊಂದು ಸಲ ಅಂದೆ. ಈ ಸಲ ಅವನು ಗಂಟಲು ಸರಿಮಾಡಿಕೊಂಡು, "ಉಸ್ತಾ ಸೊತ್ವೊಲ್ದಿಯವರ ಚಾಕು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.