ನೀಲಗಂಗಾ ಕಟ್ಟಿಟ್ಟ ಜೋಳದ ದಂಟು

ಕ್ರಿ.ಶ. ೨೨೧೪, ಫೆಬ್ರವರಿ ೩೦
ಹೊಳೆಗುಡ್ಡ, ಹಿನ್ನೀರ ಸೀಮೆ

ಹಿಂದಿನ ಕಾಲದ ಶಾಲೆಗಳಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸುತ್ತಿರುವ ಅಕ್ಕೋರಿಗೂ ಮಾಸ್ತರರಿಗೂ ದಾನಮ್ಮನ ಶರಣು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದಾಗ ಹುಟ್ಟಿದ ದಿನ ಇದು. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕಂಡಾವು, ಕ್ಷಮಿಸಿ. ನಾನು ಏಳನೆಯ ತರಗತಿಯವರೆಗೆ ಓದಿದವಳು. ದಿನಚರಿ ಬರೆಯುವ ರೂಢಿಯೊಂದು ಬಿಟ್ಟರೆ ಬರವಣಿಗೆ ನನಗೆ ಹೆಚ್ಚು ತಿಳಿಯದು.

ಮನೆಯಲ್ಲಿ ಸಾವಾದರೆ ನಮ್ಮಲ್ಲಿ ಒಂದು ಹಿಂದಂಚೆ ಕೊಡುತ್ತಾರೆ. ಅದು ಕಳೆದುಹೋದ ಕಾಲಕ್ಕೆ ಹೋಗುವ ಕಾಗದ. ಹೆಚ್ಚಿನವರು ತಮ್ಮ ಹಿರಿಯರಿಗೆ ಬರೆದು, ನಮ್ಮವರು ಬರುತ್ತಿದ್ದಾರೆ, ನೋಡಿಕೊಳ್ಳಿ ಎನ್ನುತ್ತಾರೆ. ನೂರು ವರ್ಷಕ್ಕಿಂತ ಈಚಿನ ಕಾಲಕ್ಕೆ ಅದು ತಲುಪುವುದಿಲ್ಲ. ತಲುಪುವಂತಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ನನ್ನ ತಂಗಿ ನೀಲಗಂಗಾಗೆ, ಆ ದಿನ ದೋಣಿ ಹತ್ತಬೇಡ ಎಂದು ಬರೆಯುತ್ತಿದ್ದೆ.

ನಾವಿರುವುದು ಹಿನ್ನೀರಿನ ನಡುಗಡ್ಡೆಯಲ್ಲಿ. ಸುತ್ತಲಿನ ಊರುಗಳೆಲ್ಲ ಈಗ ಗುಡ್ಡದ ತುದಿಗಳಷ್ಟೇ. ನೀರಹುಲ್ಲಿನ ಹಿಟ್ಟಿನಿಂದ ರೊಟ್ಟಿ ಬಡಿಯುತ್ತೇವೆ. ಜೋಳ ಮೇಲ್ಸೀಮೆಯಿಂದ ಹಬ್ಬಕ್ಕೆ ಮಾತ್ರ ಬರುತ್ತದೆ. ಮಕ್ಕಳು ಪಾಟಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ದೋಣಿಯಲ್ಲಿ ಶಾಲೆಗೆ ಬರುತ್ತಾರೆ. ಯಾವ ತರಗತಿಯ ಮಗುವಿಗೆ ಲೆಕ್ಕದಲ್ಲಿ ಏನೇನು ಬರಬೇಕು ಎಂಬುದನ್ನು ಹಿರಿಯರು ಶಾಲೆಯ ಗೋಡೆಯ ಮೇಲೆ ಸಾಲಾಗಿ ಕೆತ್ತಿಸಿದ್ದಾರೆ. ಅವಕ್ಕೆ ಗೆರೆ ಎನ್ನುತ್ತೇವೆ. ಗೆರೆ ಒಳ್ಳೆಯದೇ, ಯಾವ ಮಗುವೂ ಹಿಂದೆ ಉಳಿಯಬಾರದು ಎಂದು ಮಾಡಿದ್ದು. ಆದರೆ ಬರಬರುತ್ತ ಮಕ್ಕಳು ಬೆಳಿಗ್ಗೆ ಪ್ರಾರ್ಥನೆಯ ಜೊತೆಗೆ ಅದನ್ನೂ ರಾಗವಾಗಿ ಹೇಳತೊಡಗಿದರು. ‘ಹತ್ತರ ಕಟ್ಟನ್ನು ಬಿಚ್ಚಿ ಕಳೆಯಬಲ್ಲೆನು’ ಎಂದು ಮಗು ತಡವರಿಸದೆ ಹೇಳಿದರೆ, ಆ ಗೆರೆ ಮುಟ್ಟಿತು ಎಂದು ಮಾಸ್ತರರು ಅದರ ಹೆಸರಿನ ಮುಂದೆ ಗುರುತು ಹಾಕತೊಡಗಿದರು. ಯಾರಿಗೂ ಅದು ತಪ್ಪೆನಿಸಲಿಲ್ಲ. ಕೇಳಲು ಬಹಳ ಚೆನ್ನಾಗಿತ್ತು.

ನೀಲಗಂಗಾ ಮಣೆಯವಳು. ಮಾಸ್ತರರ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಪಾಠ ನೋಡುವುದು, ಪಾಠ ಮುಗಿದ ಮೇಲೆ ಅವರೊಡನೆ ಕುಳಿತು ಚಹಾ ಕುಡಿಯುತ್ತ ಮಾತಾಡುವುದು ಅವಳ ಕೆಲಸ. ವರದಿ ಬರೆಯುವಂತಿಲ್ಲ, ಮಾಸ್ತರರ ಕೈಯಿಂದ ಸೀಮೆಸುಣ್ಣ ತೆಗೆದುಕೊಳ್ಳುವಂತಿಲ್ಲ. ನಮ್ಮೂರ ಸಂಗನಬಸು ಮಾಸ್ತರರಿಗೆ ಮೊದಮೊದಲು ಅವಳನ್ನು ಕಂಡರೆ ಆಗುತ್ತಿರಲಿಲ್ಲ.

“ನಮ್ಮ ಹುಡುಗ್ರು ಎಲ್ಲಾ ಗೆರಿ ಮುಟ್ಯಾರ್ರಿ, ಅಕ್ಕೋರ. ನೀವು ಸುಮ್ನ ಚಾ ಕುಡದು ಹೋಗ್ರಿ,” ಎಂದಿದ್ದರಂತೆ.

ಇವಳು ಚಹಾ ಕುಡಿದು, ಬಾಗಿಲಲ್ಲಿ ನಿಂತಿದ್ದ ಪಾರವ್ವ ಎಂಬ ಹುಡುಗಿಯನ್ನು ಕರೆದು, “ಹಂಗಾರ ಒಂದು ಕಟ್ಟು ಬಿಚ್ಚಿ ತೋರ್ಸವಾ,” ಎಂದಳು.

ಹುಡುಗಿ ಸುತ್ತಮುತ್ತ ನೋಡಿ, “ಎಲ್ಲೈತ್ರಿ ಕಟ್ಟು?” ಎಂದಿತು.

ಅದನ್ನು ಹೇಳಿಕೊಂಡು ನಗುತ್ತಲೇ ಮನೆಗೆ ಬಂದಳು. ಉಣ್ಣಲು ಕುಳಿತಾಗ ಅತ್ತಳು. ಆಮೇಲೆ ಮೇಲ್ಸೀಮೆಯಿಂದ ಜೋಳದ ದಂಟು ತರಿಸಿ, ಗೇಣುದ್ದ ಕತ್ತರಿಸಿ, ಹತ್ತುಹತ್ತರ ಕಟ್ಟು ಕಟ್ಟಿದಳು. ಮಾಸ್ತರರಿಂದ ಅವಳು ಬೇಡಿದ್ದು ಒಂದೇ: ಉತ್ತರ ಸರಿಯಿರಲಿ ತಪ್ಪಿರಲಿ, ಗುರುತು ಹಾಕುವ ಮೊದಲು ‘ಹೆಂಗ ಮಾಡ್ದಿ?’ ಎಂದು ಕೇಳಬೇಕು. ಒಂದು ದಿನ ಪಾರವ್ವ ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದು ಮೂವತ್ತೈದು ಎಂದು ಬರೆದಳು. ಮಾಸ್ತರರು ಗೀಟು ಹಾಕಲು ಹೋದವರು, ಮಣೆಯ ಕಡೆ ನೋಡಿ ಕೈ ತಡೆದು ಕೇಳಿದರು.

“ಏಳರಾಗ ಎರಡು ಹೋದ್ರ ಐದ್ರಿ. ಐದರಾಗ ಎರಡು ಹೋದ್ರ ಮೂರ್ರಿ. ದೊಡ್ಡದ್ರಾಗ ಸಣ್ಣದು ಕಳೀಬೇಕಲ್ರಿ?”

ಮಾಸ್ತರರು, “ಹಂಗಂತ ನಾನಽ ಹೇಳಿಕೊಟ್ಟಿದ್ದೆ,” ಎಂದರಂತೆ.

ಅಂದು ಪಾರವ್ವ ಒಂದು ಕಟ್ಟು ಬಿಚ್ಚಿದಳು. ಅದರ ದಂಟುಗಳನ್ನು ಬಿಡಿ ಎರಡರ ಜೊತೆ ಸೇರಿಸಿ, ಏಳು ತೆಗೆದಿಟ್ಟು, ಉಳಿದ ಕಟ್ಟುಗಳಲ್ಲಿ ಎರಡನ್ನು ಆಚೆ ಸರಿಸಿ, ಉಳಿದದ್ದನ್ನು ಎಣಿಸಿ, ಪಾಟಿಯ ಮೇಲಿನ ಮೂವತ್ತೈದನ್ನು ತಾನೇ ಒರೆಸಿದಳಂತೆ. ಅಂದಿನಿಂದ ಚಹಾದ ಹೊತ್ತು ಉದ್ದವಾಯಿತು. ನಾಳೆಯ ಪಾಠದಲ್ಲಿ ಮಕ್ಕಳು ಎಲ್ಲಿ ಎಡವಬಹುದು ಎಂದು ಇಬ್ಬರೂ ಕುಳಿತು ಮೊದಲೇ ಊಹಿಸುವರು. ಊಹೆ ತಪ್ಪಿದವರು ಮರುದಿನದ ಚಹಾ ಮಾಡಬೇಕು. ಹೆಚ್ಚಾಗಿ ನೀಲಗಂಗಾಳೇ ಮಾಡುತ್ತಿದ್ದಳು.

ಗಾಳಿ ಎದ್ದ ಒಂದು ಮಧ್ಯಾಹ್ನ ಇನ್ನೊಂದು ಊರಿನ ಶಾಲೆಗೆ ಹೊರಟ ಅವಳ ದೋಣಿ ಮಗುಚಿತು. ಅದಕ್ಕಿಂತ ಹೆಚ್ಚು ಬರೆಯಲಾರೆ.

ದಿನಕರ್ಮ ಮುಗಿಯುವಷ್ಟರಲ್ಲಿ ಹಿನ್ನೀರ ಮಂಡಳಿಯ ಆದೇಶ ಬಂತು. ಮಣೆ ಇಲ್ಲದ ಶಾಲೆಗಳಲ್ಲಿ ಎಲ್ಲ ಮಕ್ಕಳೂ ಗೆರೆ ಮುಟ್ಟುತ್ತಿದ್ದಾರೆ, ಮಣೆ ಇರುವಲ್ಲಿಯೇ ಹಿಂದೆ ಬಿದ್ದಿದ್ದಾರೆ. ಆದ್ದರಿಂದ ಮಣೆಗಳನ್ನು ಎತ್ತಿಸಬೇಕು ಎಂದು. ಸಂಗನಬಸು ಮಾಸ್ತರರು ಮಣೆಯನ್ನು ತಾವೇ ಹೊತ್ತು ತಂದರು.

“ನೀವರ ಏನೂ ಅನ್ಲಿಲ್ಲೇನ್ರಿ?” ಎಂದೆ.

“ಅಂದೆವ್ವಾ. ನಿಮ್ಮ ಹುಡುಗ್ರು ಗೆರಿ ಹಾಡಾಕ ತಡವರಸ್ತಾರ, ಅದನ್ನ ಮೊದ್ಲು ನೋಡ್ರಿ ಅಂದ್ರು.” ಮಣೆಯನ್ನು ಇಳಿಸಿದವರು ಅದರಿಂದ ಕೈ ತೆಗೆಯಲಿಲ್ಲ. “ಇದು ಬಾಜೂಕ ಇದ್ದಾಗ ಹುಡುಗ್ರು ತಪ್ಪು ಹೇಳಾಕ ಅಂಜತಿರಲಿಲ್ಲ. ನಾನೂ ಅಂಜತಿರಲಿಲ್ಲ. ಈಗ ಪಾಠ ಮುಗದ್ರ ಯಾರ ಜೋಡಿ ಮಾತಾಡ್ಲಿ?”

ಹೊರಡುವಾಗ ಅವರು, “ಮನ್ಯಾಗ ಕಟ್ಟು ಇದ್ರ ಕೊಡ್ರಿ. ಸಾಲ್ಯಾಗ ಇದ್ದವು ಆಕೀ ಚೀಲದಾಗ ನೀರಪಾಲಾದವು. ಪಾರವ್ವ ದಿನಾ ಕೇಳ್ತಾಳ,” ಎಂದರು.

ಇಲ್ಲ ಎಂದೆ. ಇದ್ದವು. ಮುಂದಿನ ವಾರಕ್ಕೆಂದು ಅವಳು ಕಟ್ಟಿಟ್ಟ ಕಟ್ಟುಗಳು ಗೂಡಿನಲ್ಲಿ ಹಾಗೆಯೇ ಇವೆ. ದಾರದ ತುದಿಯನ್ನು ಒಳಗೆ ಸೇರಿಸಿ ಹಾಕುವ ಆ ಗಂಟು ಅವಳದೇ. ಸಣ್ಣವಳಿದ್ದಾಗ ಅವಳ ಜಡೆಗೆ ನಾನು ಹಾಕುತ್ತಿದ್ದದ್ದನ್ನು ನೋಡಿ ಕಲಿತದ್ದು. ಅವಳ ಕೈ ಮಾಡಿಟ್ಟದ್ದು ಈ ಮನೆಯಲ್ಲಿ ಈಗ ಅಷ್ಟೇ ಉಳಿದಿದೆ.

ನಿಮ್ಮ ಕಾಲದಲ್ಲಿ ಗೆರೆಗಳು ಇನ್ನೂ ಕಾಗದದ ಮೇಲೆ ಇವೆ ಎಂದು ಕೇಳಿದ್ದೇನೆ. ಅವು ಹಾಡಾಗುವ ಮೊದಲೇ ನಿಮ್ಮ ನಿಮ್ಮ ಶಾಲೆಗಳಲ್ಲಿ ಒಂದು ಮಣೆ ಹಾಕಿ. ಕಲಿಸುವವರನ್ನು ಒಬ್ಬರೇ ಬಿಡಬೇಡಿ. ಅವರ ಪಕ್ಕದಲ್ಲಿ ಕುಳಿತು, ಮಗು ಹಾಗೇಕೆ ಬರೆಯಿತು ಎಂದು ಅವರೊಡನೆ ಯೋಚಿಸುವ ಒಬ್ಬರಿರಲಿ. ನೀವು ರೂಢಿ ಮಾಡಿಟ್ಟರೆ ಅದು ನಮ್ಮವರೆಗೆ ಬಂದೀತು, ಮಂಡಳಿಗೆ ಅದನ್ನು ಎತ್ತಿಸುವ ಧೈರ್ಯ ಬಾರದಿದ್ದೀತು. ಇಷ್ಟೇ ನನ್ನ ಬೇಡಿಕೆ.

ಶಾಲೆಯ ಹಾಡು ಈಗ ನೀರಿನ ಮೇಲಿಂದ ಕೇಳಿಸುತ್ತಿದೆ. ಕಾಗದ ಮುಗಿಸಿ ಆ ಕಟ್ಟುಗಳನ್ನು ಮಾಸ್ತರರಿಗೆ ಕೊಟ್ಟು ಬರುತ್ತೇನೆ. ಪಾರವ್ವ ಬಿಚ್ಚಲಿ. ಆ ಗಂಟು ಬಿಚ್ಚುವುದು ಸುಲಭ. ತುದಿ ಹಿಡಿದು ಎಳೆದರೆ ಸಾಕು.

ದಾನಮ್ಮ