ಕೈಗೆ ಗೊತ್ತಿದ್ದ ಪಾಠ

ಜುಲೈ ೨೩, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಅಪ್ಪನ ಎಡಗಾಲಿನ ಮಂಡಿಯೊಂದನ್ನು ಬಿಟ್ಟರೆ ಇಲ್ಲಿ ಎಲ್ಲವೂ ಚೆನ್ನಾಗಿದೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಕಟ್ಟಿಸುತ್ತಿರುವ ಸೇತುವೆಯ ಬಳಿ ಫೋನು ಸಿಗುವುದೇ ಅಪರೂಪ. ಸಿಕ್ಕರೂ "ಹ್ಞೂಂ, ಸರಿ, ಇಡ್ತೀನಿ" ಎಂಬ ಮೂರು ಮಾತಿಗೆ ಮುಗಿಯುತ್ತದೆ. ಕಾಗದವೇ ವಾಸಿ, ನಾನು ಹೇಳುವಷ್ಟನ್ನು ಹೇಳಿ ಮುಗಿಸಬಹುದು.

ಸುದ್ದಿ ಏನೆಂದರೆ ನಿನ್ನ ಅಮ್ಮ ಈಗ ಉಪನ್ಯಾಸಕಿ. ಹೋದ ವರ್ಷ ಸಂಜೆ ತರಗತಿಗೆ ಹೋಗಿ ಬೋಧನೆಯ ಸರ್ಟಿಫಿಕೇಟು ತೆಗೆದುಕೊಂಡೆನಲ್ಲ, ಅದು ಕೊನೆಗೂ ಕೆಲಸಕ್ಕೆ ಬಂತು. ಪ್ರಾಣಿಗಳ ಶುಶ್ರೂಷೆ ಕಲಿಸುವ ಕಾಲೇಜಿನಲ್ಲಿ ಈ ತಿಂಗಳ ಮೂರನೇ ತಾರೀಕಿನಿಂದ ಹೋಗುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳ ಕೈಗೆ ಈಗ ಸೂಜಿಯ ಬದಲು ಬಳಪ ಬಂದಿದೆ. ಬೀಳ್ಕೊಡುವ ದಿನ ನಮ್ಮ ಡಾಕ್ಟರಮ್ಮ, "ನೀವು ಹೋದ್ಮೇಲೆ ಇಲ್ಲಿರೋ ನಾಯಿಗಳು ನನ್ನ ಮಾತು ಕೇಳೋದಿಲ್ಲ, ಗೊತ್ತಾ?" ಎಂದರು. ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಅತ್ತೆ.

ಮೊದಲ ಕ್ಲಾಸಿನ ಕಥೆ ಕೇಳು. ವಿಷಯ, ಪ್ರಾಣಿಗಳನ್ನು ಹಿಡಿದುಕೊಳ್ಳುವ ಕ್ರಮ. ಹನ್ನೆರಡು ಪುಟ ಬರೆದುಕೊಂಡು ಹೋಗಿದ್ದೆ. ಎದುರಿಗೆ ಇಪ್ಪತ್ತನಾಲ್ಕು ಜನ. ತಲೆ ಎತ್ತದೆ ಓದಿದೆ ಓದಿದೆ, ಮುಗಿಸಿ ಗಡಿಯಾರ ನೋಡಿದರೆ ಹನ್ನೊಂದು ನಿಮಿಷವಾಗಿತ್ತು. ಕ್ಲಾಸು ಇರುವುದು ಐವತ್ತು ನಿಮಿಷ. ಬೇರೆ ದಾರಿ ಕಾಣದೆ, "ಪ್ರಶ್ನೆ ಇದ್ದರೆ ಕೇಳಿ" ಎಂದೆ. ಎರಡನೇ ಸಾಲಿನಲ್ಲಿ ಸೊಂಟದ ತನಕ ಜಡೆ ಬಿಟ್ಟ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಬೆಕ್ಕನ್ನ ಗಟ್ಟಿಯಾಗಿ ಹಿಡ್ಕೋಬೇಕು ಅಂದ್ರಿ. ಎಷ್ಟು ಗಟ್ಟಿ?"

ಪುಟ್ಟಿ, ಸಾವಿರಾರು ಬೆಕ್ಕುಗಳನ್ನು ಹಿಡಿದವಳು ನಾನು. "ಎಷ್ಟು ಬೇಕೋ ಅಷ್ಟು" ಎಂದೆ. ಇಡೀ ಕ್ಲಾಸು ಗೊಳ್ಳೆಂದಿತು.

ಅಲ್ಲಿಂದ ಸೀದಾ ಸಾಮಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಭ್ಯಾಸಕ್ಕೆಂದು ಇಟ್ಟ ರಬ್ಬರ್ ನಾಯಿಯೊಂದು ಅಲ್ಲಿದೆ, ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಐದು ನಿಮಿಷಕ್ಕೆ ಪ್ರಿನ್ಸಿಪಾಲರು ಬಕೆಟ್ ಹುಡುಕಿಕೊಂಡು ಬಂದರು. ಒಂದು ಕಾಲಕ್ಕೆ ದನದ ಡಾಕ್ಟರಾಗಿದ್ದವರು, ಈಗಲೂ ಗಮ್‌ಬೂಟು ಬಿಟ್ಟಿಲ್ಲ. ನನ್ನ ಮುಖ ನೋಡಿ, "ಎಷ್ಟು ನಿಮಿಷಕ್ಕೆ ಮುಗೀತು?" ಎಂದು ಕೇಳಿದರು.

"ಹನ್ನೊಂದು, ಸರ್."

"ಪರವಾಗಿಲ್ಲ. ನಂದು ಏಳಕ್ಕೇ ಮುಗಿದಿತ್ತು. ಏನು ಮಾಡೋದು ಗೊತ್ತಾಗದೆ ಇನ್ನೊಂದ್ಸಲ ಹಾಜರಿ ತಗೊಂಡೆ." ಬಕೆಟ್ ಎತ್ತಿಕೊಂಡು ಹೋಗಿಬಿಟ್ಟರು. ಉಪದೇಶವಿಲ್ಲ, ಸಮಾಧಾನವಿಲ್ಲ. ಆ ಮನುಷ್ಯ ನನಗೆ ಆಗಲೇ ಇಷ್ಟವಾದರು.

ಮನೆಗೆ ಬಂದು ನಿನ್ನ ಅಪ್ಪನನ್ನು ಸೋಫಾದ ಮೇಲೆ ಕೂರಿಸಿ, "ಈಗ ನೀವು ಬೆಕ್ಕು" ಎಂದೆ. ಅವರು ಪೇಪರ್ ಮಡಿಸಿಟ್ಟು, "ಇಷ್ಟು ದಿನ ಏನಾಗಿದ್ದೆ?" ಎಂದರು. ಅವರ ಮುಂಗೈ ಹಿಡಿದು, ಬಿಗಿ ಅನ್ನಿಸಿದಾಗ ಹೇಳಿ, ಸಡಿಲ ಅನ್ನಿಸಿದಾಗ ಹೇಳಿ, ತಪ್ಪಿಸಿಕೊಂಡು ಹೋಗಬೇಕು ಅನ್ನಿಸಿದಾಗಲೂ ಹೇಳಿ ಎಂದೆ. ಅರ್ಧ ಗಂಟೆ ಹಾಗೇ ಕೂತೆವು. ಕೊನೆಗೆ ಅವರು, "ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದಕ್ಕೆ ಇವತ್ತು ಇಷ್ಟು ಹೊತ್ತು ಕೈ ಹಿಡ್ಕೊಂಡೆ. ಆ ಜಡೆ ಹುಡುಗಿಗೆ ನನ್ನ ಥ್ಯಾಂಕ್ಸ್ ಹೇಳು" ಎಂದರು.

ಮಾರನೆಯ ದಿನ ಕ್ಲಾಸಿನಲ್ಲಿ ಕಾಗದ ಮುಟ್ಟಲಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರ ಮುಂಗೈ ಇನ್ನೊಬ್ಬರು ಹಿಡಿಯಲು ಹೇಳಿದೆ. ಎಷ್ಟು ಸಾಕು ಎಂದು ಹೇಳಬೇಕಾದದ್ದು ಹಿಡಿಸಿಕೊಂಡವರು. ಜನ ತುಂಬಿದ ರಸ್ತೆ ದಾಟುವಾಗ ಮಗುವಿನ ಕೈ ಹೇಗೆ ಹಿಡಿಯುತ್ತೀರಿ, ನೋಯಿಸುವುದಿಲ್ಲ, ಬಿಡುವುದೂ ಇಲ್ಲ, ಅಷ್ಟು ಗಟ್ಟಿ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಊಟ ಹೊತ್ತುಹೊತ್ತಿಗೆ ಮಾಡು. ಬಿಸಿಲಿನಲ್ಲಿ ಬರಿತಲೆಯಲ್ಲಿ ನಿಲ್ಲಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ,
ಅಮ್ಮ

ಮರೆತಿದ್ದೆ: ಮಾತ್ರೆ ನುಂಗಿಸುವ ಪಾಠಕ್ಕೆ ನಮ್ಮ ಬೆಕ್ಕು ಮೇಸ್ತ್ರಿಯ ಕಥೆ ಹೇಳಿದೆ. ನೀನು ಚಿಕ್ಕವಳಿದ್ದಾಗ ಮಹಡಿ ಕೋಣೆ ಕಟ್ಟುತ್ತಿದ್ದ ಗಾರೆಯವರ ಜೊತೆ ಬಂದು, ಮರಳ ರಾಶಿಯ ಮೇಲೆ ಕೂತು ಅವರ ಕೆಲಸ ನೋಡಿಕೊಂಡ ಬೆಕ್ಕಿಗೆ ನೀನೇ ಆ ಹೆಸರಿಟ್ಟದ್ದು, ಆಮೇಲೆ ಅವನು ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿಕೊಂಡು ಅಪ್ಪನ ಶೂ ಒಳಗೆ ಉಗುಳುತ್ತಿದ್ದದ್ದು, ಎಲ್ಲವನ್ನೂ. ಈಗ ಕ್ಲಾಸಿನವರಿಗೆ ದಿನಕ್ಕೊಂದು ಮೇಸ್ತ್ರಿ ಕಥೆ ಬೇಕಂತೆ.

---

ಅಕ್ಟೋಬರ್ ೧೪, ಶನಿವಾರ

ನನ್ನ ಪುಟ್ಟಿಗೆ,

ಈ ಸಲವೂ ತಡ, ಈ ಸಲವೂ ತಪ್ಪು ನನ್ನದೇ. ನಿನ್ನ ಕಾಗದದಲ್ಲಿ ಮೂರನೇ ಕಂಬ ನೀರಿನಿಂದ ಮೇಲೆದ್ದಿತು ಎಂಬ ಸುದ್ದಿ ಓದಿ ನಿನ್ನ ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರು. ಕಂಬವನ್ನು ತಾವೇ ಹೊತ್ತು ನಿಲ್ಲಿಸಿದವರ ಹಾಗೆ ನಡೆಯುತ್ತಿದ್ದಾರೆ, ಮಂಡಿನೋವೂ ಮರೆತಿದೆ. ನಾನು ಕಾಲೇಜಿಗೆ ಸೇರಿದಾಗ ಇಷ್ಟು ಬೀಗಿರಲಿಲ್ಲ. ಇರಲಿ.

ಕಾಲೇಜಿನಲ್ಲಿ ನಾನೀಗ ಪರವಾಗಿಲ್ಲ. ಐವತ್ತು ನಿಮಿಷ ಸಾಲುವುದಿಲ್ಲ ಎಂದು ಪ್ರಿನ್ಸಿಪಾಲರ ಹತ್ತಿರ ಜಗಳವಾಡುವ ಮಟ್ಟಕ್ಕೆ ಬಂದಿದ್ದೇನೆ. ಹುಡುಗರು ಹುಡುಗಿಯರು ನಾಯಿಯ ಒಸಡು ಒತ್ತಿ ಅದರ ಬಣ್ಣ ಮರಳಲು ಎಷ್ಟು ಹೊತ್ತು ಬೇಕೆಂದು ಎಣಿಸುತ್ತಾರೆ, ಕಾಲಿನ ಕೂದಲು ಬೋಳಿಸಿ ನರ ಹುಡುಕುತ್ತಾರೆ, ಬ್ಯಾಂಡೇಜು ಸುತ್ತುತ್ತಾರೆ. ರಬ್ಬರ್ ನಾಯಿಗೆ ಈ ಮೂರು ತಿಂಗಳಲ್ಲಿ ಮುರಿಯದ ಮೂಳೆ ಉಳಿದಿಲ್ಲ. ಜಡೆ ಹುಡುಗಿ ಅವರೆಲ್ಲರಿಗಿಂತ ಚುರುಕು. ಅವಳ ಪ್ರಶ್ನೆಗಳಿಗೆ ನಾನು ಹಿಂದಿನ ದಿನವೇ ತಯಾರಾಗಬೇಕು. ಒಮ್ಮೊಮ್ಮೆ ಅವಳು ತಲೆ ಓರೆ ಮಾಡಿ ಕೇಳುವ ರೀತಿ ನೋಡಿದರೆ ನೀನೇ ಕಣ್ಣೆದುರು ಕೂತ ಹಾಗಾಗುತ್ತದೆ.

ಈ ವಾರದ ಪಾಠ ಎಲ್ಲರೂ ಹೆದರುವ ಪಾಠ. ವಾಸಿಯಾಗದ ಪ್ರಾಣಿಗೆ ಕೊಡುವ ಕೊನೆಯ ಚುಚ್ಚುಮದ್ದು, ಆ ಹೊತ್ತಿನಲ್ಲಿ ನರ್ಸ್ ಮಾಡಬೇಕಾದ ಕೆಲಸ. ಔಷಧಿಯ ವಿಚಾರ ಡಾಕ್ಟರು ಕಲಿಸುತ್ತಾರೆ. ಉಳಿದದ್ದೆಲ್ಲ ನನ್ನ ಪಾಲು. ಕೋಣೆಯಲ್ಲಿ ಕುರ್ಚಿ ಎಲ್ಲಿರಬೇಕು, ಮನೆಯವರ ಕೈ ಪ್ರಾಣಿಯ ತಲೆಯ ಮೇಲಿರುವ ಹಾಗೆ ನಾವು ಯಾವ ಕಡೆ ನಿಲ್ಲಬೇಕು, ಎಲ್ಲಿ ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಮನೆಯವರು ಬರುವ ತನಕ ಕಾಯಬಹುದಾದರೆ ಕಾಯಲೇಬೇಕು. ನೋವು ತಡೆಯುವ ಔಷಧಿಗಳು ಇರುವುದೇ ಅದಕ್ಕೆ. ನಮಗೆ ನೋಡಲು ಕಷ್ಟವಾಗುತ್ತದೆ ಎಂದು ಅವಸರ ಮಾಡಬಾರದು.

ಜಡೆ ಹುಡುಗಿ ಎದ್ದು ನಿಂತಳು.

"ಮೇಡಂ, ಕೇಳ್ಬಹುದೋ ಬೇಡ್ವೋ ಗೊತ್ತಿಲ್ಲ. ನಿಮ್ಮ ಮೇಸ್ತ್ರಿ ಕೊನೆಗೆ ಏನಾದ?"

ಮೂರು ತಿಂಗಳಿಂದ ಅವನ ಕಥೆ ಹೇಳಿ ನಗಿಸಿದವಳು ನಾನೇ ಅಲ್ಲವೇ, ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ನಿನಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ವಯಸ್ಸಾಗಿತ್ತು, ಹದಿನಾಲ್ಕು ವರ್ಷ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಆರೋಗ್ಯ ಕೆಟ್ಟಿತು, ತುಂಬಾ ನರಳುತ್ತಿದ್ದ, ಚುಚ್ಚುಮದ್ದು ಕೊಡಿಸಲೇಬೇಕಾಯಿತು. ಮಗಳು ಕೊನೆಯ ವರ್ಷದ ಪರೀಕ್ಷೆಗೆಂದು ಬೇರೆ ಊರಿನಲ್ಲಿದ್ದಳು, ಕಾಯುವ ಹಾಗಿರಲಿಲ್ಲ. ಅವರೆಲ್ಲ ತಲೆ ತಗ್ಗಿಸಿದರು. ಒಬ್ಬಳು ಕಣ್ಣು ಒರೆಸಿಕೊಂಡಳು. ಗಂಟೆ ಹೊಡೆಯಿತು.

ನಿನ್ನೆ ತಿದ್ದಲೆಂದು ಅವರ ನೋಟ್‌ಪುಸ್ತಕಗಳನ್ನು ಮನೆಗೆ ತಂದೆ. ಜಡೆ ಹುಡುಗಿಯ ಅಕ್ಷರ ಮುತ್ತಿನಂತಿದೆ. ಪಾಠವನ್ನೆಲ್ಲ ಬರೆದು ಕೆಳಗೆ ಎರಡು ಸಾಲು ಸೇರಿಸಿದ್ದಳು: "ಉದಾಹರಣೆ: ಮೇಡಂ ಅವರ ಬೆಕ್ಕು. ಕಾಯಲು ಸಾಧ್ಯವೇ ಇರಲಿಲ್ಲ, ಆದ್ದರಿಂದ ಕಾಯದಿದ್ದುದು ಸರಿ." ಕೆಂಪು ಪೆನ್ನು ಹಿಡಿದು ಕೂತೆ. ಸರಿ ಗುರುತು ಹಾಕಲು ಕೈ ಏಳಲಿಲ್ಲ. ನಿನ್ನ ಅಪ್ಪ ಟೀ ತಂದಿಟ್ಟು, "ಏನು, ಅಷ್ಟೊಂದು ತಪ್ಪು ಬರೆದಿದಾಳಾ?" ಎಂದು ಕೇಳಿದರು. ಇಲ್ಲ ಎಂದೆ. ಟೀ ಆರಿಹೋಯಿತು.

ಉಳಿದ ಇಪ್ಪತ್ತಮೂರು ಪುಸ್ತಕ ತಿದ್ದಿ, ಅವಳದನ್ನು ಹಾಗೇ ಚೀಲದಲ್ಲಿಟ್ಟುಕೊಂಡಿದ್ದೇನೆ.

ಇನ್ನೇನು ಬರೆಯಲಿ? ನಿನ್ನ ಹಳೆಯ ಸ್ವೆಟರಿನ ತೋಳು ಬಿಚ್ಚಿ ಉದ್ದ ಮಾಡಿದ್ದೇನೆ, ಪಾರ್ಸೆಲಿನಲ್ಲಿ ಬರುತ್ತದೆ. ನದಿ ದಂಡೆಯ ಗಾಳಿ ಕೆಟ್ಟದ್ದು, ಹಾಕಿಕೋ. ಕೆಲಸಗಾರರ ಮೇಲೆ ರೇಗಬೇಡ. ನೀನು ಕಟ್ಟಿಸಿದ ಸೇತುವೆ ಗಟ್ಟಿಯಾಗಿ ನಿಲ್ಲಲಿ, ಅದರ ಮೇಲೆ ಓಡಾಡುವವರೆಲ್ಲ ನೆಮ್ಮದಿಯಾಗಿ ಮನೆ ಸೇರಲಿ. ನಿನಗೂ ಅದೇ ಹಾರೈಕೆ.

ಯಾವತ್ತೂ ನಿನ್ನ,
ಅಮ್ಮ

ಪುಟ್ಟಿ, ಕಾಗದ ಮಡಿಸಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಬರೆಯಬೇಕಾದದ್ದನ್ನು ಬರೆಯದೆ ಸಹಿ ಹಾಕಿದ್ದೆ.

ಕಾಯಬಹುದಿತ್ತು.

ಮೇಸ್ತ್ರಿ ಊಟ ಬಿಟ್ಟದ್ದು ಆ ವಾರದ ಸೋಮವಾರ. ಮಂಗಳವಾರ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ, "ಕಿಡ್ನಿ ಕೈಬಿಟ್ಟಿದೆ, ಉಳಿಯಲ್ಲ. ಆದ್ರೆ ಡ್ರಿಪ್ ಹಾಕಿ ಔಷಧಿ ಕೊಟ್ರೆ ಶನಿವಾರದ ತನಕ ಹಿಂಸೆ ಇಲ್ಲದೆ ಇರ್ತಾನೆ. ಮಗಳ ಪರೀಕ್ಷೆ ಶುಕ್ರವಾರ ಮುಗಿಯುತ್ತಲ್ಲ, ಬರಲಿ" ಎಂದರು. ಆ ಸಂಜೆ ನೀನು ಫೋನು ಮಾಡಿ ಮೇಸ್ತ್ರಿ ಏನು ಮಾಡ್ತಿದಾನೆ ಎಂದು ಕೇಳಿದೆ. ಮಲಗಿದಾನೆ ಎಂದೆ. ಬುಧವಾರ ಮಧ್ಯಾಹ್ನ ನಾನೇ ಡಾಕ್ಟರಮ್ಮನಿಗೆ, ಇವತ್ತೇ ಮುಗಿಸಿಬಿಡಿ ಎಂದೆ. ಅವರು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ.

ಅವನು ನರಳುತ್ತಿರಲಿಲ್ಲ. ಡ್ರಿಪ್ ಹಾಕಿದ ಮೇಲೆ ಸ್ವಲ್ಪ ತಲೆ ಎತ್ತಿ ನನ್ನ ಕೈ ನೆಕ್ಕಿದ್ದ. ತಡೆಯಲಾಗದೇ ಹೋದದ್ದು ನನಗೆ. ಯಾರ್ಯಾರ ಮನೆಯ ಪ್ರಾಣಿಗಳನ್ನೋ ದಿನಗಟ್ಟಲೆ ನೋಡಿಕೊಂಡವಳು, ನಮ್ಮ ಮನೆಯದನ್ನು ಮೂರು ದಿನ ನೋಡಲಾರದೆ ಹೋದೆ. ನೀನು ಬಂದು ಅಳುವುದನ್ನು ನೋಡಬೇಕಲ್ಲ ಎಂಬ ಹೆದರಿಕೆಯೂ ಇತ್ತು. ನಿನ್ನ ಪರೀಕ್ಷೆ ಕೆಡುತ್ತದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದು, ಅದು ನೆಪ. ಸುದ್ದಿ ಹೇಳಲೂ ಧೈರ್ಯವಿರಲಿಲ್ಲ, ನೀನು ಶನಿವಾರ ಮನೆಗೆ ಬಂದು ಅವನನ್ನು ಕೂಗಿದಾಗಲೇ ಹೇಳಿದ್ದು. "ಮೂರು ದಿನ ಕಾಯಕ್ಕೆ ಆಗ್ತಿರ್ಲಿಲ್ವಾ ಅಮ್ಮಾ?" ಎಂದು ಒಂದೇ ಸಲ ಕೇಳಿದೆ. ಆಗ್ತಿರ್ಲಿಲ್ಲ ಎಂದೆ. ನೀನು ನನ್ನನ್ನು ನಂಬಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ನಂಬದೆ ಇದ್ದದ್ದು ಸರಿಯಾಗಿಯೇ ಇತ್ತು.

ಅದಾದ ಮೇಲೆ ಆಸ್ಪತ್ರೆಯಲ್ಲಿ ಅವನಿಗೆ ಚುಚ್ಚುಮದ್ದು ಕೊಟ್ಟ ಆ ಕೋಣೆಗೆ ಕಾಲಿಡಲು ನನ್ನಿಂದ ಆಗಲಿಲ್ಲ. ಯಾರಾದರೂ ಪ್ರಾಣಿಯನ್ನು ಕೊನೆಯ ಬಾರಿಗೆ ಎತ್ತಿಕೊಂಡು ಬಂದರೆ ನಾನು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ. ಸಂಜೆ ತರಗತಿಗೆ ಸೇರಿದ್ದು ಅದಕ್ಕೆ. ದೊಡ್ಡ ಹುದ್ದೆಯ ಆಸೆ ಎಂದು ಎಲ್ಲರೂ ತಿಳಿದಿದ್ದಾರೆ, ನಿನ್ನ ಅಪ್ಪನೂ. ತಪ್ಪಿಸಿಕೊಂಡು ಬಂದವಳು ಕ್ಲಾಸಿನಲ್ಲಿ ನಿಂತು ಅದೇ ಪಾಠ ಹೇಳಬೇಕಾಗಿ ಬಂತು.

ಈ ಕಾಗದ ನಿನ್ನ ಕೈ ಸೇರಲು ಐದು ದಿನ ಬೇಕು. ಅಲ್ಲಿಯ ತನಕ ಆ ಹುಡುಗಿಗೆ ಪುಸ್ತಕ ತಿದ್ದಿಲ್ಲ ಎನ್ನುತ್ತೇನೆ. ಆಮೇಲಿನ ಸೋಮವಾರ, ಬೆಳಗ್ಗೆ ಹತ್ತರ ಕ್ಲಾಸಿನಲ್ಲಿ, ಅವರಿಗೆಲ್ಲ ಇದನ್ನೇ ಹೇಳುತ್ತೇನೆ. ಅವರಿಗಿಂತ ಮುಂಚೆ ನಿನಗೆ ಗೊತ್ತಾಗಬೇಕಿತ್ತು.

ಕ್ಷಮಿಸು ಎಂದು ಕೇಳುತ್ತಿದ್ದೇನೆ, ಬೇಗ ಕ್ಷಮಿಸು ಎಂದಲ್ಲ. ಸಿಟ್ಟು ಇರುವಷ್ಟು ದಿನ ಬರೆಯಬೇಡ, ಫೋನೂ ಮಾಡಬೇಡ. ಎಷ್ಟು ದಿನವಾದರೂ ಸರಿ, ಈ ಸಲ ಕಾಯುತ್ತೇನೆ.